ಬೇಕನ್ ಹೊದ್ದ ಅಕ್ಕರೆಯ ತಿನಿಸುಗಳು



ಕೊಡಗಿನ ನಮ್ಮ ಹಳೆಯ ಮನೆಯಲ್ಲಿ ಸೌದೆ ಒಲೆಯ ಮೇಲೆ ಒಂದು ಅಟ್ಟ ಇತ್ತು. ಮಳೆಗಾಲಕ್ಕೆ ಮುಂಚೆ ಅವ್ವ ಹಂದಿ ಮಾಂಸವನ್ನು ಉದ್ದುದ್ದಕ್ಕೆ ಸೀಳಿ, ಉಪ್ಪು ಅರಿಸಿನ ಸವರಿ, ಆ ಅಟ್ಟಕ್ಕೆ ಕಟ್ಟಿ ಇಳಿಬಿಡುತ್ತಿದ್ದಳು. ಒಲೆಯ ಹೊಗೆ ದಿನವೂ ತಾಗಿ ತಾಗಿ ಮಾಂಸ ಒಣಗುತ್ತಿತ್ತು, ಕಂದು ಬಣ್ಣಕ್ಕೆ ತಿರುಗುತ್ತಿತ್ತು. ನಮ್ಮ ಕಡೆ ಅದಕ್ಕೆ ಒಣಕೆರ್ಚಿ ಎನ್ನುತ್ತೇವೆ. ಜಡಿಮಳೆಯ ದಿನ ಅದರ ಒಂದು ತುಂಡು ಕೆಂಡದ ಮೇಲೆ ಬಿದ್ದರೆ, ಗದ್ದೆ ಕೆಲಸ ಮುಗಿಸಿ ಬಂದವರ ಹಸಿವು ಇಮ್ಮಡಿಯಾಗುತ್ತಿತ್ತು.

ಆ ಪರಿಮಳ ಮತ್ತೆ ನನ್ನ ಮೂಗಿಗೆ ಬಡಿದದ್ದು ಎಲ್ಲಿ ಗೊತ್ತೆ? ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ಪಟ್ಟಣದ ಒಂದು ಬೀದಿಯಲ್ಲಿ. ಮಗಳು, ಅಳಿಯ ಅಲ್ಲಿ ಕೆಲಸದಲ್ಲಿದ್ದಾರೆ. ಮಗಳ ಎರಡನೇ ಬಾಣಂತನಕ್ಕೆಂದು ಹೋದವಳು ಆರು ತಿಂಗಳು ಅಲ್ಲೇ ಇದ್ದೆ. ಒಂದು ಸಂಜೆ ಅಳಿಯನೂ ಆರು ವರ್ಷದ ಮೊಮ್ಮಗನೂ ನನ್ನನ್ನು ತಳ್ಳುಗಾಡಿಗಳ ಸಾಲಿಗೆ ಕರೆದುಕೊಂಡು ಹೋದರು. ಕಾದ ಕಬ್ಬಿಣದ ತಟ್ಟೆಯ ಮೇಲೆ ಹತ್ತಾರು ಸಾಸೇಜುಗಳು ಸಾಲಾಗಿ ಮಲಗಿದ್ದವು. ಒಂದೊಂದಕ್ಕೂ ಬೇಕನ್ನಿನ ಪಟ್ಟಿಯನ್ನು ಸುರುಳಿ ಸುರುಳಿಯಾಗಿ, ಪಗಡಿ ಸುತ್ತಿದ ಹಾಗೆ ಸುತ್ತಿದ್ದರು. ಕೊಬ್ಬು ಕರಗಿ ಚರಚರ ಎನ್ನುತ್ತಿತ್ತು. ಹೊಗೆಯಾಡಿಸಿದ ಮಾಂಸದ ಆ ಘಮಕ್ಕೆ ನಾನು ಒಂದು ಗಳಿಗೆ ಅವ್ವನ ಒಲೆಯ ಮುಂದೆ ನಿಂತೆ.

ಇವತ್ತಿನ ನನ್ನ ಮಾತು ಆ ಸುತ್ತುವ ಅಡುಗೆಯ ಬಗ್ಗೆ. ಮನಸ್ಸಿಗೆ ಹಿತವಾದ ಮನೆಯ ತಿನಿಸುಗಳಿಗೆ ಬೇಕನ್ ಹೊದಿಸಿ, ಮಕ್ಕಳೂ ದೊಡ್ಡವರೂ ಸೇರಿ ಆಟದ ಹಾಗೆ ಮಾಡುವ ಅಡುಗೆ ಅದು. ಹಂದಿ ಮಾಂಸ ತಿನ್ನದ ಮನೆಗಳು ನಮ್ಮಲ್ಲಿ ಬಹಳ. ಆ ಕೇಳುಗರನ್ನು ನಾನು ಮರೆತಿಲ್ಲ. ದೂರದ ಒಂದು ನಾಡಿನ ಅಡುಗೆಮನೆಯ ಸಂಗತಿಯೆಂದು ಅವರು ಕೇಳಬಹುದು.

ಮೊದಲು ಬೇಕನ್ ಎಂದರೆ ಏನು ಎಂಬುದನ್ನು ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಬೇಕನ್ ಎಂದರೆ ಹಂದಿಯ ಹೊಟ್ಟೆಯ ಭಾಗದ ಮಾಂಸ. ಒಂದು ಪದರ ಕೊಬ್ಬು, ಒಂದು ಪದರ ಮಾಂಸ ಹೀಗೆ ಗೆರೆಗೆರೆಯಾಗಿರುತ್ತದೆ. ಅದನ್ನು ಉಪ್ಪು, ಸ್ವಲ್ಪ ಸಕ್ಕರೆ, ಸೋಡಿಯಂ ನೈಟ್ರೈಟ್ ಎಂಬ ಲವಣ ಇವುಗಳಲ್ಲಿ ಕೆಲವು ದಿನ ನೆನೆಸಿಡುತ್ತಾರೆ. ನೈಟ್ರೈಟ್‌ನಿಂದ ಮಾಂಸಕ್ಕೆ ನಸುಗೆಂಪು ಬಣ್ಣ ನಿಲ್ಲುತ್ತದೆ, ವಿಷಕಾರಿ ಸೂಕ್ಷ್ಮಜೀವಿಗಳ ಬೆಳವಣಿಗೆಗೆ ತಡೆ ಬೀಳುತ್ತದೆ. ಆಮೇಲೆ ಕಟ್ಟಿಗೆಯ ಹೊಗೆಯಲ್ಲಿಟ್ಟು, ತೆಳ್ಳಗೆ ಪಟ್ಟಿಪಟ್ಟಿಯಾಗಿ ಸೀಳುತ್ತಾರೆ. ಇಂಗ್ಲೆಂಡಿನವರ ಬೇಕನ್ ಹೆಚ್ಚಾಗಿ ಬೆನ್ನಿನ ಭಾಗದ್ದು, ಅದರಲ್ಲಿ ಕೊಬ್ಬು ಕಡಿಮೆ. ಇಟಲಿಯವರ ಪಾಂಚೆಟ್ಟಾ ಕೂಡ ಹೊಟ್ಟೆಯ ಭಾಗದ್ದೇ, ಆದರೆ ಅದನ್ನು ಸಾಮಾನ್ಯವಾಗಿ ಹೊಗೆಯಲ್ಲಿಡುವುದಿಲ್ಲ.

ಸುತ್ತುವುದಕ್ಕೆ ಬೇಕಾದದ್ದು ತೆಳುವಾದ, ಒಂದೇ ಸಮನಾದ ಪಟ್ಟಿ. ಮನೆಯಲ್ಲಿ ಚಾಕು ಹಿಡಿದು ಕೊಯ್ದರೆ ಒಂದು ಕಡೆ ದಪ್ಪ, ಒಂದು ಕಡೆ ಹರುಕು. 1924ರಲ್ಲಿ ಅಮೆರಿಕದ ಆಸ್ಕರ್ ಮೇಯರ್ ಕಂಪನಿ ಬೇಕನ್ನನ್ನು ಮೊದಲೇ ಸೀಳಿ, ಪೊಟ್ಟಣ ಕಟ್ಟಿ ಮಾರತೊಡಗಿತು. ಒಂದೇ ಅಳತೆಯ ಪಟ್ಟಿ ಪ್ರತಿ ಮನೆಯ ಫ್ರಿಜ್ಜಿನಲ್ಲಿ ಸಿಗುವಂತಾದ ಮೇಲೆ ಕೈ ಸುಮ್ಮನಿರುತ್ತದೆಯೆ? ಅದರೊಳಗೆ ಏನನ್ನು ಸುತ್ತಬಹುದು ಎಂಬ ಯೋಚನೆ ಗೃಹಿಣಿಯರಿಗೆ ತಾನಾಗಿಯೇ ಬಂತು.

ಆದರೆ ಸುತ್ತುವ ಉಪಾಯ ಪೊಟ್ಟಣಕ್ಕಿಂತ ಎಷ್ಟೋ ಹಳೆಯದು. ಕಾಡುಹಕ್ಕಿಯ ಮಾಂಸದಲ್ಲಿ ಸಾಮಾನ್ಯವಾಗಿ ಕೊಬ್ಬು ಕಡಿಮೆ, ಬೆಂಕಿಗೆ ಹಿಡಿದರೆ ಒಣಗಿ ನಾರಾಗುತ್ತದೆ. ಅದಕ್ಕೆ ಫ್ರಾನ್ಸಿನ ಅಡುಗೆಯವರು ಹಂದಿಕೊಬ್ಬಿನ ಹಾಳೆಯನ್ನು ಹಕ್ಕಿಯ ಎದೆಗೆ ಹೊದಿಸಿ ದಾರದಿಂದ ಕಟ್ಟುತ್ತಿದ್ದರು. ಬೇಯುತ್ತ ಬೇಯುತ್ತ ಕೊಬ್ಬು ಕರಗಿ ಒಳಗಿನ ಮಾಂಸಕ್ಕೆ ಇಳಿಯುತ್ತದೆ. ಸೌಟು ಹಿಡಿದು ಗಳಿಗೆಗೊಮ್ಮೆ ತುಪ್ಪ ಹೊಯ್ಯುತ್ತ ನಿಲ್ಲುವ ಕೆಲಸವನ್ನು ಆ ಹೊದಿಕೆಯೇ ಮಾಡಿಬಿಡುತ್ತದೆ.

ಬೇಕನ್ ಕೊಡುವುದು ಜಿಡ್ಡೊಂದನ್ನೇ ಅಲ್ಲ. ಅದರಲ್ಲಿ ಉಪ್ಪಿದೆ, ಹೊಗೆಯಿದೆ. ಕಾವು ತಾಗಿದಾಗ ಮಾಂಸದ ಸಸಾರಜನಕವೂ ಸಕ್ಕರೆಯೂ ಕೂಡಿ ಕಂದುಗಟ್ಟಿ ನೂರಾರು ಬಗೆಯ ಪರಿಮಳಗಳನ್ನು ಹುಟ್ಟಿಸುತ್ತವೆ. ಈ ಕ್ರಿಯೆಯನ್ನು 1912ರಲ್ಲಿ ವಿವರಿಸಿದವರು ಫ್ರಾನ್ಸಿನ ವಿಜ್ಞಾನಿ ಲೂಯಿ ಕಮೀಲ್ ಮಯ್ಯಾರ್. ನಾವು ದೋಸೆಯ ತಳ ಕೆಂಪಗಾಗಲಿ ಎಂದು ಕಾಯುತ್ತೇವಲ್ಲ, ಅಲ್ಲಿ ನಡೆಯುವುದೂ ಇದೇ ಕ್ರಿಯೆ.

ಹೀಗಾಗಿ ಈ ಅಡುಗೆಗೆ ಒಂದು ಮೂಲಸೂತ್ರ ಉಂಟು. ಹೊದಿಕೆಯಲ್ಲಿ ಏನಿದೆಯೋ ಅದು ಒಳಗಿನದರಲ್ಲಿ ಇರಬಾರದು. ಹೊರಗೆ ಜಿಡ್ಡು, ಉಪ್ಪು, ಗರಿಗರಿ. ಒಳಗೆ ಸಪ್ಪೆಯಾದದ್ದು, ಸಿಹಿಯಾದದ್ದು ಅಥವಾ ಮೆತ್ತಗಿನದು ಇರಬೇಕು. ಇದನ್ನು ಇಂಗ್ಲೆಂಡಿನವರು ಚೆನ್ನಾಗಿ ಅರಿತಿದ್ದರು. ವಿಕ್ಟೋರಿಯಾ ರಾಣಿಯ ಕಾಲದ ಔತಣಗಳಲ್ಲಿ ಊಟದ ಕೊನೆಗೆ ಉಪ್ಪುಖಾರದ ಒಂದು ಸಣ್ಣ ತುತ್ತು ಬಡಿಸುವ ರೂಢಿಯಿತ್ತು. ಸಮುದ್ರದ ಮಳಿಯನ್ನು, ಅಂದರೆ ಸಿಂಪಿಯ ಮಾಂಸವನ್ನು, ಬೇಕನ್ನಿನಲ್ಲಿ ಸುತ್ತಿ ಸುಟ್ಟರೆ ಅದರ ಹೆಸರು ‘ಕುದುರೆಯೇರಿದ ದೇವತೆಗಳು’. ಮಳಿಯ ಜಾಗದಲ್ಲಿ ಕಪ್ಪಗಿನ ಒಣ ಪ್ಲಮ್ ಹಣ್ಣಿಟ್ಟರೆ ‘ಕುದುರೆಯೇರಿದ ದೆವ್ವಗಳು’. ಪ್ಲಮ್ಮಿನ ಬದಲು ಖರ್ಜೂರ ಇಡುವವರೂ ಇದ್ದಾರೆ. ಆ ಸೂತ್ರಕ್ಕೆ ಹೊರತಾದದ್ದೂ ಉಂಟು: ಇವತ್ತಿಗೂ ಬ್ರಿಟನ್ನಿನ ಕ್ರಿಸ್ಮಸ್ ಊಟದ ತಟ್ಟೆಯಲ್ಲಿ ಬೇಕನ್ ಸುತ್ತಿದ ಪುಟ್ಟ ಸಾಸೇಜುಗಳಿಗೆ ಖಾಯಂ ಜಾಗ. ಅವುಗಳ ಹೆಸರು ‘ಕಂಬಳಿ ಹೊದ್ದ ಹಂದಿಮರಿಗಳು’. ಅಮೆರಿಕದಲ್ಲಿ ಅದೇ ಹೆಸರು ಹೇಳಿದರೆ ಹಿಟ್ಟಿನಲ್ಲಿ ಸುತ್ತಿ ಬೇಯಿಸಿದ ಸಾಸೇಜ್ ಬರುತ್ತದೆ. ಹೆಸರಿಡುವುದರಲ್ಲೇ ಎಷ್ಟು ಆಟವಿದೆ ನೋಡಿ.

1940ರ ದಶಕದಲ್ಲಿ ಅಮೆರಿಕದ ಹೋಟೆಲುಗಳಲ್ಲಿ ಪೆಸಿಫಿಕ್ ದ್ವೀಪಗಳ ಅಲಂಕಾರದ ಹುಚ್ಚು ಹತ್ತಿತು. ಬಿದಿರಿನ ಗೋಡೆ, ತಾಳೆಗರಿಯ ಸೂರು, ಹಣ್ಣಿನ ಮದ್ಯಗಳು. ಡಾನ್ ದಿ ಬೀಚ್‌ಕೋಂಬರ್ ಎಂಬ ಹೋಟೆಲಿನ ಪಟ್ಟಿಯಲ್ಲಿ ರುಮಾಕಿ ಎಂಬ ತಿನಿಸು ಬಂತು. ಕೋಳಿಯ ಲಿವರ್ ಒಂದು ಚೂರು, ವಾಟರ್ ಚೆಸ್ಟ್‌ನಟ್ ಎಂಬ ಗರಿಗರಿ ಗೆಡ್ಡೆಯ ಒಂದು ಚೂರು, ಎರಡನ್ನೂ ಸೋಯಾ ಸಾಸಿನಲ್ಲಿ ನೆನೆಸಿ ಬೇಕನ್ ಸುತ್ತಿ ಸುಡುವುದು. ಹೋಟೆಲಿನಿಂದ ಅದು ಮನೆಮನೆಯ ಸಂಜೆಕೂಟಗಳಿಗೆ ಇಳಿಯಿತು.

ಇನ್ನು ನಾನು ಟೂಸಾನಿನ ಬೀದಿಯಲ್ಲಿ ಕಂಡದ್ದು ಸೊನೋರಾ ಹಾಟ್ ಡಾಗ್. ಗಡಿಯಾಚೆ ಮೆಕ್ಸಿಕೋದ ಸೊನೋರಾ ರಾಜ್ಯದ ಎರ್ಮೊಸಿಯೊ ನಗರ ಅದರ ತವರು. ಅಮೆರಿಕದವರ ಸಾಸೇಜಿಗೆ ಬೇಕನ್ ಸುತ್ತಿ, ಮೆಕ್ಸಿಕೋದ ಮೃದುವಾದ ದೊಡ್ಡ ಬನ್ನಿನಲ್ಲಿಟ್ಟು, ಮೇಲೆ ಬೇಯಿಸಿದ ಪಿಂಟೋ ಕಾಳು, ಈರುಳ್ಳಿ, ಟೊಮೆಟೊ, ಮೆಯೊನೇಸ್, ಸಾಸಿವೆ, ಹಸಿಮೆಣಸಿನಕಾಯಿಯ ಚಟ್ನಿ ಹಾಕುತ್ತಾರೆ. ಪಕ್ಕದಲ್ಲಿ ಸುಟ್ಟ ಹಳದಿ ಮೆಣಸಿನಕಾಯಿ ಒಂದು. ಕೂಲಿಯವರೂ ಕಾಲೇಜಿನ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂತು ತಿನ್ನುತ್ತಾರೆ. ಟೂಸಾನಿನ ಎಲ್ ಗ್ವೆರೊ ಕನೆಲೊ ಎಂಬ ಅಂಗಡಿ 1993ರಲ್ಲಿ ಬರಿಯ ಒಂದು ತಳ್ಳುಗಾಡಿಯಾಗಿ ಶುರುವಾದದ್ದು. 2018ರಲ್ಲಿ, ಅಡುಗೆ ಕಲೆಗೆ ಪ್ರಶಸ್ತಿಗಳನ್ನು ಕೊಡುವ ಜೇಮ್ಸ್ ಬಿಯರ್ಡ್ ಪ್ರತಿಷ್ಠಾನ ಅದನ್ನು ಅಮೆರಿಕದ ಅಭಿಜಾತ ಊಟದ ಮನೆಗಳ ಸಾಲಿಗೆ ಸೇರಿಸಿ ಗೌರವಿಸಿತು. ಗಡಿ ದಾಟಿ ಬಂದವರ ಬೀದಿ ತಿಂಡಿಗೆ ಸಂದ ಆ ಗೌರವ ನ್ಯಾಯವಾದದ್ದು ಎಂದು ನಾನು ನಂಬಿದ್ದೇನೆ.

ಈಗ ಮನೆಯೊಳಗಿನ ಅಡುಗೆಗೆ ಬರೋಣ. ಅಮೆರಿಕದ ಮಕ್ಕಳಿಗೆ ಜ್ವರ ಬಂದಾಗ, ಶಾಲೆಯಲ್ಲಿ ಅತ್ತು ಬಂದಾಗ ಅಮ್ಮ ಮಾಡಿಕೊಡುವ ಊಟ ಯಾವುದು? ನಮಗೆ ಬಿಸಿ ಗಂಜಿ, ಅನ್ನಸಾರು ಹೇಗೋ ಅವರಿಗೆ ಚೀಸ್ ಬೆರೆಸಿದ ಮ್ಯಾಕರೋನಿ, ಆಲೂಗಡ್ಡೆಯ ಕರಿದ ತುಣುಕು, ಕೀಮಾದ ದಿಂಡು. ಇವೆಲ್ಲ ಅಭಾವದ ಕಾಲದಲ್ಲೋ ಮಿತವ್ಯಯದಿಂದಲೋ ಮನೆಮಾತಾದ ತಿನಿಸುಗಳು. ಕೀಮಾದ ದಿಂಡನ್ನು ಅಲ್ಲಿ ಮೀಟ್‌ಲೋಫ್ ಎನ್ನುತ್ತಾರೆ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಸ್ವಲ್ಪವೇ ಮಾಂಸಕ್ಕೆ ಬ್ರೆಡ್ ಪುಡಿ, ಮೊಟ್ಟೆ, ಈರುಳ್ಳಿ ಕಲಸಿ ಇಡೀ ಸಂಸಾರದ ಹೊಟ್ಟೆ ತುಂಬಿಸಿದ್ದು ಅದು. ಪೆಟ್ಟಿಗೆಯಲ್ಲಿ ಬರುವ ಕ್ರಾಫ್ಟ್ ಕಂಪನಿಯ ಚೀಸ್ ಮ್ಯಾಕರೋನಿ ಬಂದದ್ದೂ ಅದೇ ಕಷ್ಟದ ಕಾಲದಲ್ಲಿ, 1937ರಲ್ಲಿ. ಟೇಟರ್ ಟಾಟ್ಸ್ ಎಂಬ ಆಲೂಗಡ್ಡೆ ತುಣುಕುಗಳನ್ನು 1953ರಲ್ಲಿ ಓರ್-ಐಡಾ ಕಂಪನಿ ಮಾಡಿದ್ದು, ಆಲೂಗಡ್ಡೆ ಕೊಯ್ದ ಮೇಲೆ ಉಳಿಯುತ್ತಿದ್ದ ಚೂರುಪಾರುಗಳನ್ನು ಬಿಸಾಡಲು ಮನಸ್ಸಾಗದೆ.

ಮಿತವ್ಯಯದಲ್ಲಿ ಬೆಳೆದ ಈ ಮೆತ್ತಗಿನ ತಿನಿಸುಗಳಿಗೆ ಬೇಕನ್ ಹೊದಿಸುವುದು ಮಗುವಿಗೆ ಹಬ್ಬದ ಅಂಗಿ ತೊಡಿಸಿದ ಹಾಗೆ. ಮಗಳ ಅಡುಗೆಮನೆಯಲ್ಲಿ ನಾನೂ ಮೊಮ್ಮಗನೂ ಇವನ್ನೆಲ್ಲ ಒಂದೊಂದಾಗಿ ಮಾಡಿ ನೋಡಿದೆವು.

ಮೊದಲ ಸಲ ಕೆಟ್ಟಿತು. ದಪ್ಪ ಬೇಕನ್ ತಂದಿದ್ದೆ. ಬಿಸಿ ಮ್ಯಾಕರೋನಿಯನ್ನೇ ಉಂಡೆ ಕಟ್ಟಿ, ಸುತ್ತಿ, ತಟ್ಟೆಯ ಮೇಲೆ ಹಾಗೇ ಜೋಡಿಸಿ ಓವನ್ನಿಗಿಟ್ಟೆ. ಚೀಸೆಲ್ಲ ಕರಗಿ ಹೊರಗೆ ಹರಿಯಿತು. ಬೇಕನ್ ತನ್ನ ಕೊಬ್ಬಿನಲ್ಲೇ ನೆಂದು ರಬ್ಬರಿನಂತಾಯಿತು. ಆ ದಿನ ಕಲಿತ ಪಾಠಗಳನ್ನು ನಿಮಗೆ ಒಪ್ಪಿಸುತ್ತೇನೆ.

ಪಟ್ಟಿ ತೆಳುವಾಗಿರಬೇಕು. ದಪ್ಪವಾದರೆ ಹೊರಗಿನದು ಗರಿಗರಿಯಾಗುವಷ್ಟರಲ್ಲಿ ಒಳಗಿನದು ಒಣಗಿ ಹೋಗುತ್ತದೆ. ಪಟ್ಟಿಯನ್ನು ಮಣೆಯ ಮೇಲಿಟ್ಟು ಚಾಕುವಿನ ಬೆನ್ನಿನಿಂದ ಮೆಲ್ಲಗೆ ನೀವಿದರೆ ಉದ್ದವಾಗುತ್ತದೆ, ಸುತ್ತಿದಾಗ ಬಿಗಿಯಾಗಿ ಕೂರುತ್ತದೆ. ಒಳಗಿಡುವುದು ತಣ್ಣಗಿರಬೇಕು. ಚೀಸ್ ಮ್ಯಾಕರೋನಿಯನ್ನು ಹಿಂದಿನ ರಾತ್ರಿಯೇ ತಟ್ಟೆಗೆ ಹರಡಿ ಫ್ರಿಜ್ಜಿನಲ್ಲಿಟ್ಟು, ಬೆಳಿಗ್ಗೆ ಬರ್ಫಿಯಂತೆ ಕೊಯ್ದು ಸುತ್ತಬೇಕು. ಒಳಗಿನದಕ್ಕೆ ಉಪ್ಪು ಹಾಕಲೇಬಾರದು, ಬೇಕನ್ನಿನ ಉಪ್ಪೇ ಸಾಕು. ಪಟ್ಟಿಯ ತುದಿ ಕೆಳಗೆ ಬರುವಂತೆ ಇಟ್ಟರೆ ಬಿಚ್ಚಿಕೊಳ್ಳುವುದಿಲ್ಲ. ಹಲ್ಲುಕಡ್ಡಿ ಚುಚ್ಚುವುದಾದರೆ ಅರ್ಧ ಗಂಟೆ ನೀರಿನಲ್ಲಿ ನೆನೆಸಿರಬೇಕು, ಇಲ್ಲವಾದರೆ ಅದೇ ಹೊತ್ತಿಕೊಳ್ಳುತ್ತದೆ. ತಟ್ಟೆಯ ಮೇಲೆ ತಂತಿಯ ಜಾಲರಿ ಇಟ್ಟು ಅದರ ಮೇಲೆ ಜೋಡಿಸಬೇಕು. ಆಗ ಕೊಬ್ಬು ಕೆಳಗೆ ಸೋರುತ್ತದೆ, ಸುತ್ತಲೂ ಗಾಳಿಯಾಡುತ್ತದೆ. ಓವನ್ 200 ಡಿಗ್ರಿ ಸೆಲ್ಸಿಯಸ್‌ನಲ್ಲಿರಲಿ. ಸಣ್ಣ ತುಂಡುಗಳಿಗೆ 25ರಿಂದ 30 ನಿಮಿಷ, ನಡುವೆ ಒಮ್ಮೆ ಮಗುಚಬೇಕು. ಬೆಲ್ಲ ಅಥವಾ ಜೇನು ಸವರುವುದಾದರೆ ಕೊನೆಯ ಐದಾರು ನಿಮಿಷದಲ್ಲಿ ಸವರಿ. ಮೊದಲೇ ಸವರಿದರೆ ಸಕ್ಕರೆ ಕರಕಾಗುತ್ತದೆ.

ಇಷ್ಟು ಗೊತ್ತಾದ ಮೇಲೆ ಕೈ ಓಡಿತು. ಈರುಳ್ಳಿಯನ್ನು ದಪ್ಪ ಬಳೆಗಳಾಗಿ ಕೊಯ್ದು, ಎರಡು ಬಳೆಗಳನ್ನು ಒಂದರೊಳಗೊಂದು ಕೂರಿಸಿ, ಸುತ್ತಲೂ ಬೇಕನ್ ಸುತ್ತಿದೆವು. ಬೆಂದ ಮೇಲೆ ಈರುಳ್ಳಿ ಜೇನಿನಷ್ಟು ಸಿಹಿಯಾಗಿತ್ತು. ದೊಡ್ಡ ಹಸಿಮೆಣಸಿನಕಾಯಿ ಸೀಳಿ, ಬೀಜ ತೆಗೆದು, ಕೆನೆ ಚೀಸ್ ತುಂಬಿ ಸುತ್ತಿದೆವು. ಬಜ್ಜಿ ಮೆಣಸಿನಕಾಯಿ ತಿಂದು ಬೆಳೆದ ನಮಗೆ ಅದು ಹೊಸಬರ ಮನೆಯಲ್ಲಿ ಸಿಕ್ಕಿದ ಹಳೆಯ ನೆಂಟ. ನಮ್ಮ ಮನೆಯಲ್ಲಿ ದನದ ಮಾಂಸ ತಿನ್ನುವುದಿಲ್ಲ. ಹಾಗಾಗಿ ಮೀಟ್‌ಲೋಫಿಗೆ ಕೋಳಿಯ ಕೀಮಾ ತಂದೆ. ಕೋಳಿಯ ಕೀಮಾದಲ್ಲಿ ಕೊಬ್ಬು ಬಹಳ ಕಡಿಮೆ, ಬರಿದೇ ಬೇಯಿಸಿದರೆ ಗಂಟಲಲ್ಲಿ ಇಳಿಯುವುದಿಲ್ಲ. ಮೇಲೆ ಬೇಕನ್ನನ್ನು ಚಾಪೆಯ ಹಾಗೆ ಅಡ್ಡಡ್ಡ ಉದ್ದುದ್ದ ಹೆಣೆದು ಹೊದಿಸಿದಾಗ ಆ ದಿಂಡು ಬೆಣ್ಣೆಯಂತೆ ಮೃದುವಾಯಿತು. ಫ್ರಾನ್ಸಿನ ಹಳೆಯ ಅಡುಗೆಯವರ ಸೂತ್ರ ಎಷ್ಟು ಸರಿ ಎಂಬುದು ಅವತ್ತು ನನಗೆ ನಾಲಿಗೆಯಲ್ಲೇ ತಿಳಿಯಿತು. ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ಬೇಕನ್ ಕೆಂಪಗಾದ ಮಾತ್ರಕ್ಕೆ ಒಳಗಿನ ಕೀಮಾ ಬೆಂದಿತೆಂದು ಅರ್ಥವಲ್ಲ. ಕೋಳಿಯಾದರೆ ನಡುಭಾಗ 74 ಡಿಗ್ರಿ, ಹಂದಿಯ ಕೀಮಾ ಆದರೆ 71 ಡಿಗ್ರಿ ಮುಟ್ಟಲೇಬೇಕು.

ಮೊಮ್ಮಗನ ಹುಟ್ಟುಹಬ್ಬಕ್ಕೆ ಮಾಡಿದ್ದು ಆಮೆಗಳು. ಅಮೆರಿಕದ ಮನೆಗಳಲ್ಲಿ ಇದೊಂದು ಪ್ರಸಿದ್ಧ ಆಟದ ಅಡುಗೆ. ಕೀಮಾದ ವಡೆಯೇ ಆಮೆಯ ಮೈ, ಅದರ ಮೇಲೆ ಹೆಣೆದ ಬೇಕನ್ನೇ ಚಿಪ್ಪು. ಸಾಸೇಜಿನ ತುಂಡುಗಳಿಂದ ತಲೆ, ನಾಲ್ಕು ಕಾಲು, ಒಂದು ಬಾಲ. ತಲೆಗೆ ಎರಡು ಮೆಣಸಿನ ಕಾಳಿನ ಕಣ್ಣು. ಹುಡುಗರು ಆರು ಜನ ಮೇಜಿನ ಸುತ್ತ ಕೂತು ಚಿಪ್ಪು ಹೆಣೆದರು. ಒಂದು ಪಟ್ಟಿ ಮೇಲೆ, ಒಂದು ಪಟ್ಟಿ ಕೆಳಗೆ ಎಂದು ಎಣಿಸುತ್ತ ಅವರು ಕೂತ ಆ ಏಕಾಗ್ರತೆಯನ್ನು ನೀವು ನೋಡಬೇಕಿತ್ತು. ಮನೆಯಲ್ಲಿ ಊಟ ಬೇಡ ಎಂದು ಓಡುವ ಮಗು ತಾನೇ ಮಾಡಿದ ಆಮೆಯನ್ನು ಕೊನೆಯ ಕಾಲಿನವರೆಗೂ ತಿಂದಿತು. ಅಡುಗೆಯಲ್ಲಿ ಆಟ ಸೇರಿದರೆ ಮಗುವಿಗೆ ಅನ್ನದ ಮೇಲೆ ಅಕ್ಕರೆ ಹುಟ್ಟುತ್ತದೆ. ಇದು ನಾನು ಕಣ್ಣಾರೆ ಕಂಡ ಮಾತು.

ಆಟ ಮಿತಿ ಮೀರಿದ್ದೂ ಉಂಟು. 2008ರ ಡಿಸೆಂಬರಿನಲ್ಲಿ ಕ್ಯಾನ್ಸಸ್ ಸಿಟಿಯ ಜೇಸನ್ ಡೇ, ಆ್ಯರನ್ ಕ್ರಾನಿಸ್ಟರ್ ಎಂಬ ಇಬ್ಬರು ಗೆಳೆಯರು ಬೇಕನ್ ಎಕ್ಸ್‌ಪ್ಲೋಶನ್ ಎಂಬ ತಿನಿಸನ್ನು ಲೋಕಕ್ಕೆ ತೋರಿಸಿದರು. ಸುಮಾರು 2 ಪೌಂಡ್ ಬೇಕನ್, 2 ಪೌಂಡ್ ಸಾಸೇಜ್ ಮಾಂಸ. ಬೇಕನ್ನಿನ ಚಾಪೆ ಹೆಣೆದು, ಅದರ ಮೇಲೆ ಸಾಸೇಜ್ ಮಾಂಸ ಹರಡಿ, ಅದರ ಮೇಲೆ ಹುರಿದ ಬೇಕನ್ ಪುಡಿ ಉದುರಿಸಿ, ದಿಂಡಾಗಿ ಸುತ್ತಿ ಹೊಗೆಯಲ್ಲಿ ಬೇಯಿಸಿದ್ದು. ಒಂದು ದಿಂಡಿನಲ್ಲಿ ಸುಮಾರು 5000 ಕ್ಯಾಲೊರಿ. ಮುಂದಿನ ತಿಂಗಳೇ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅದರ ಬಗ್ಗೆ ಬರೆಯಿತು, ದೇಶವೆಲ್ಲ ಅದರ ಮಾತಾಯಿತು. ಅವರ ಕೈಚಳಕವನ್ನು ನಾನು ಮೆಚ್ಚುತ್ತೇನೆ. ಆದರೆ ಆಗಲೇ ಹೇಳಿದ ಸೂತ್ರದಿಂದ ಅಳೆದರೆ ಅಲ್ಲಿ ಹೊರಗೂ ಜಿಡ್ಡು, ಒಳಗೂ ಜಿಡ್ಡು. ಹೊರಗೂ ಉಪ್ಪು, ಒಳಗೂ ಉಪ್ಪು. ಒಂದಕ್ಕೊಂದು ಆಸರೆಯಾಗುವ ರುಚಿ ಅಲ್ಲಿಲ್ಲ. ಒಂದು ಖರ್ಜೂರ, ಅರ್ಧ ಪಟ್ಟಿ ಬೇಕನ್ ಇವುಗಳ ಕೂಟದಲ್ಲಿರುವ ಸೊಗಸು ಆ ದೊಡ್ಡ ದಿಂಡಿನಲ್ಲಿಲ್ಲ ಎಂಬುದು ನನ್ನ ತೀರ್ಮಾನ.

ಆರೋಗ್ಯದ ಮಾತನ್ನೂ ನೇರವಾಗಿ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಬೇಕನ್, ಸಾಸೇಜ್‌ಗಳಂಥ ಸಂಸ್ಕರಿಸಿದ ಮಾಂಸ ಮನುಷ್ಯರಲ್ಲಿ ಕ್ಯಾನ್ಸರ್ ತರಬಲ್ಲದು ಎಂದು ಘೋಷಿಸಿತು. ದಿನವೂ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯ ಶೇಕಡಾ 18ರಷ್ಟು ಹೆಚ್ಚುತ್ತದೆ ಎಂದು ಲೆಕ್ಕ ಕೊಟ್ಟಿತು. ದೊಡ್ಡವರಿಗೆ ದಿನಕ್ಕೆ ಉಪ್ಪು 5 ಗ್ರಾಂ ಮೀರಬಾರದು ಎಂಬುದೂ ಆ ಸಂಸ್ಥೆಯ ಸಲಹೆ. ಬೇಕನ್ ಬಂತೆಂದರೆ ಆ ಲೆಕ್ಕ ಬೇಗ ತುಂಬುತ್ತದೆ. ಆದ್ದರಿಂದ ಇದು ದಿನದ ಊಟವಲ್ಲ, ಹಬ್ಬದ ತುತ್ತು. ನಮ್ಮ ಮನೆಯಲ್ಲಿ ನಾನು ಹಾಕಿಕೊಂಡ ಕಟ್ಟಳೆ ಇಷ್ಟೇ: ತಿಂಗಳಿಗೊಮ್ಮೆ, ಒಬ್ಬರಿಗೆ ಒಂದೆರಡು ತುಂಡು, ಪಕ್ಕದಲ್ಲಿ ಸೌತೆಕಾಯಿ, ಎಲೆಕೋಸು, ನಿಂಬೆಹಣ್ಣು ಧಾರಾಳವಾಗಿ. ರಕ್ತದೊತ್ತಡ ಇರುವವರು, ಹೃದಯದ ತೊಂದರೆ ಇರುವವರು ಇದನ್ನು ಬಿಡುವುದೇ ಒಳ್ಳೆಯದು.

ಊರಿಗೆ ಹೊರಡುವ ವಾರ ಮೊಮ್ಮಗ ಕೇಳಿದ: “ಅಜ್ಜಿ, ನಿಮ್ಮ ಊರಿನ ತಿಂಡಿಗೂ ಬೇಕನ್ ಸುತ್ತಬಹುದಾ?” ಹಿಂದಿನ ದಿನದ ಕಡಂಬುಟ್ಟು ಉಳಿದಿತ್ತು. ಕಡಂಬುಟ್ಟು ಎಂದರೆ ಅಕ್ಕಿತರಿಯನ್ನು ಬೇಯಿಸಿ, ಉಂಡೆ ಕಟ್ಟಿ, ಹಬೆಯಲ್ಲಿ ಮತ್ತೆ ಬೇಯಿಸುವ ಕೊಡಗಿನ ಕಡುಬು. ನಮ್ಮಲ್ಲಿ ಪಂದಿಕರಿಗೆ, ಅಂದರೆ ಹಂದಿ ಮಾಂಸದ ಸಾರಿಗೆ, ಅದೇ ಜೊತೆ. ಸಪ್ಪೆಯಾದ, ಮೆತ್ತಗಿನ, ತಣ್ಣಗಿನ ಉಂಡೆ. ಸೂತ್ರಕ್ಕೆ ಹೇಳಿ ಮಾಡಿಸಿದ್ದು! ನಿಂಬೆ ಗಾತ್ರದ ಒಂದೊಂದು ಉಂಡೆಗೂ ಅರ್ಧ ಪಟ್ಟಿ ಬೇಕನ್ ಸುತ್ತಿ, ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಹೊರಳಿಸುತ್ತ ಹೊರಳಿಸುತ್ತ ಕಾಲು ಗಂಟೆ ಹುರಿದೆ. ಕೊನೆಗೆ ಒಂದು ಚಮಚ ಕಾಚಂಪುಳಿಗೆ ಚೂರು ಬೆಲ್ಲ ಕರಗಿಸಿ ಸವರಿದೆ. ಮಲೆನಾಡಿನವರು ಉಪ್ಪಾಗೆ ಎನ್ನುವ ಹಣ್ಣಿನ ರಸವನ್ನು ಕಪ್ಪಗೆ ಮಂದವಾಗುವ ತನಕ ಕುದಿಸಿದರೆ ಕಾಚಂಪುಳಿ. ಊರಿನಿಂದ ಒಂದು ಬಾಟಲಿ ಒಯ್ದಿದ್ದೆ. ಅದರ ಹುಳಿ ಜಿಡ್ಡನ್ನು ಕಡಿಯಿತು, ಅಕ್ಕಿ ಉಪ್ಪನ್ನು ಹೀರಿತು, ಬೇಕನ್ ತನ್ನ ಹೊಗೆಯನ್ನು ಕೊಟ್ಟಿತು. ಬಾಣಂತಿ ಮಗಳಿಗೆ ಕೊಡಲಿಲ್ಲ, ಆದರೆ ವಾಸನೆಗೇ ಅವಳು ಎದ್ದು ಬಂದು ಬಾಗಿಲಲ್ಲಿ ನಿಂತಳು. “ಅವ್ವ, ಇದು ನಮ್ಮ ಅಟ್ಟದ ವಾಸನೆ” ಅಂದಳು.

ಕೇಳುಗರೇ, ಬೆಂಗಳೂರು, ಮಂಗಳೂರು, ಮೈಸೂರುಗಳ ಮಾಂಸದ ಕೋಲ್ಡ್ ಸ್ಟೋರೇಜ್ ಅಂಗಡಿಗಳಲ್ಲಿ ಈಗ ಬೇಕನ್ ಸಿಗುತ್ತದೆ. ಓವನ್ ಇಲ್ಲದವರು ಕಾವಲಿಯಲ್ಲೇ ಮಾಡಬಹುದು, ಉರಿ ಸಣ್ಣಗಿರಲಿ, ಎಣ್ಣೆ ಹಾಕಬೇಡಿ. ಕರಗಿದ ಕೊಬ್ಬನ್ನು ಪಾತ್ರೆ ತೊಳೆಯುವ ಸಿಂಕಿಗೆ ಸುರಿಯಬೇಡಿ, ಅದು ಕೊಳವೆಯಲ್ಲಿ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಹಂದಿ ಮಾಂಸ ತಿನ್ನುವ ಮನೆಯವರು ಒಂದು ಭಾನುವಾರ ಮಕ್ಕಳ ಕೈ ತೊಳೆಸಿ, ಅಡುಗೆಮನೆಗೆ ಕರೆದು, ಅವರಿಗೆ ಇಷ್ಟವಾದ ಮನೆಯ ತಿನಿಸೊಂದನ್ನು ಅವರಿಂದಲೇ ಸುತ್ತಿಸಿ. ಹಸಿ ಮಾಂಸ ಮುಟ್ಟಿದ ಮೇಲೆ ಮತ್ತೊಮ್ಮೆ ಸೋಪು ಹಚ್ಚಿ ಕೈ ತೊಳೆಸುವುದನ್ನು ಮರೆಯಬೇಡಿ. ತಿನ್ನದ ಮನೆಯವರು ನಿಮ್ಮದೇ ಅಡುಗೆಯಲ್ಲಿ ಮಕ್ಕಳ ಕೈಗೆ ಅಂಥದೊಂದು ಆಟ ಕೊಡಿ. ಅವರು ಸುತ್ತಿದ್ದು ಅಂಕುಡೊಂಕಾದರೂ ಸರಿ, ಅದನ್ನೇ ಮೊದಲು ಬಡಿಸಿ.